ಕೈ ಬಿಟ್ಟವನ ಪತ್ರ

ಧಾರವಾಡ

ಚಿ. ಪುಟ್ಟಿಗೆ ಮಾಮಾನ ಆಶೀರ್ವಾದ.

ಮೊಣಕಾಲು, ಪರೀಕ್ಷೆ, ಬರ್ಲಿನ್ನಿನ ಮನೆ ಬಾಡಿಗೆ, ಇದೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿದ್ದೇ. ಆದರೆ ಮೂರನೇ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, "ಅವನು ಕೈ ಬಿಟ್ಟ ಮಾಮಾ, ನನ್ನಲ್ಲೇ ಏನೋ ಕಡಿಮೆ ಇರಬೇಕು, ಇನ್ನು ನನ್ನ ಕೈ ಯಾರು ಹಿಡೀತಾರೆ" ಅಂತ, ಅದನ್ನು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಅಜ್ಜಿಗೆ ಓದಿ ಹೇಳುವಾಗ ಆ ಸಾಲನ್ನು ಹಾರಿಸಿಬಿಟ್ಟೆ. ಇಲ್ಲದಿದ್ದರೆ, ಹೋದವನು ಐಸ್ ಸ್ಕೇಟಿಂಗ್‌ನಲ್ಲಿ ನಿನ್ನ ಜೋಡಿ ಅಷ್ಟೇ ಅಂತ ತಿಳಿಯದೆ, ಮದುವೆಯೇ ಮುರಿಯಿತು ಅಂತ ಓಣಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಜರ್ಮನಿಯ ಕೆಮ್ನಿಟ್ಜ್‌ನಲ್ಲಿ ನಾನು ಕೆಲಸಕ್ಕಿದ್ದಾಗ ಕ್ಯೂಖ್‌ವಾಲ್ಡ್‌ನ ಐಸ್ ರಿಂಕ್‌ನಲ್ಲಿ ನಿನ್ನನ್ನು ಮೊದಲು ನಿಲ್ಲಿಸಿದವನು ನಾನೇ. ಹಾಗಾಗಿ ಈ ಸಂಕಟದಲ್ಲಿ ನನಗೂ ಪಾಲಿದೆ. ಜೋಡಿ ಸ್ಕೇಟಿಂಗ್‌ನ ದೊಡ್ಡ ಹೆಸರು ಅಲ್ಯೋನಾ ಸಾವ್ಚೆಂಕೊ ಅಭ್ಯಾಸ ಮಾಡುತ್ತಿದ್ದ ಊರು ಅದು ಅಂತ ಆಗ ನನಗೆ ಒಂದು ಜಂಬ.

ಆಕೆಯ ಪದಕಗಳ ಲೆಕ್ಕ ನಿನಗೆ ಬಾಯಿಪಾಠ, ಅದು ಬೇಡ. ನಿನ್ನ ಪತ್ರ ಬಂದ ಮೇಲೆ ನನಗೆ ನೆನಪಾಗುತ್ತಿರುವುದು ಆಕೆಗೆ ಜೋಡಿಯೇ ಇಲ್ಲದಿದ್ದ ದಿನಗಳು. ಉಕ್ರೇನಿನ ಹುಡುಗಿ. 2000ದಲ್ಲಿ ಸ್ತಾನಿಸ್ಲಾವ್ ಮೊರೊಜೊವ್ ಜೊತೆ ಜೂನಿಯರ್ ವಿಶ್ವ ಚಾಂಪಿಯನ್, 2002ರ ಒಲಿಂಪಿಕ್ಸ್‌ನಲ್ಲಿ 15ನೇ ಸ್ಥಾನ, ಆಮೇಲೆ ಆ ಜೋಡಿಯೇ ಇಲ್ಲ. 2003ರಲ್ಲಿ ಜೋಡಿಯಾಗಿ ಜರ್ಮನಿಯ ರಾಬಿನ್ ಝೋಲ್ಕೊವಿ ಸಿಗುವಾಗ ಆಕೆಗೆ 19, ಈಗಿನ ನಿನ್ನದೇ ವಯಸ್ಸು. ಅದಕ್ಕಾಗಿ ದೇಶವನ್ನೇ ಬಿಟ್ಟು ಬಂದಳು.

ಆ ರಾಬಿನ್ನೂ ಹೋದನಲ್ಲ. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅವನು ಒಂದು ಜಂಪ್‌ನಲ್ಲಿ ಬಿದ್ದ, ಕೊನೆಗೆ ಅವನು ಎಸೆದಾಗ ಅವಳು ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗಬೇಕಾದ ಥ್ರೋ ಟ್ರಿಪಲ್ ಆಕ್ಸೆಲ್‌ನಲ್ಲಿ ಅವಳೂ ಬಿದ್ದಳು, ಎರಡನೇ ಸಲವೂ ಕಂಚೇ. ಮುಂದಿನ ತಿಂಗಳು ಜಪಾನಿನ ಸೈತಾಮದಲ್ಲಿ ಐದನೇ ವಿಶ್ವ ಪ್ರಶಸ್ತಿ ಗೆದ್ದು ಅವನು ಸ್ಪರ್ಧೆ ನಿಲ್ಲಿಸಿದ. ಅವಳಿಗೆ 30 ತುಂಬಿತ್ತು. ನಿಮ್ಮ ಆಟದಲ್ಲಿ ಅದು ಅಜ್ಜಿ ವಯಸ್ಸು. ಐದು ಸಲ ಜಗತ್ತು ಗೆದ್ದವಳಲ್ಲಿ ಏನು ಕಡಿಮೆ ಇತ್ತು ಅಂತ ಅವನು ಹೋದ, ಹೇಳು?

ನೀನು ತಲೆ ಅಲ್ಲಾಡಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಅವಳೆಲ್ಲಿ, ನಾನೆಲ್ಲಿ ಅಂತ. ಸರಿ, ನನ್ನ ಕಥೆ ಕೇಳು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ.

1981. ಇಲ್ಲೇ ಧಾರವಾಡದಲ್ಲಿ ಬ್ಯಾಡ್ಮಿಂಟನ್ ಡಬಲ್ಸ್ ಆಡುತ್ತಿದ್ದೆ. ನೆಟ್ ಹತ್ತಿರ ನನ್ನ ಜೋಡಿಯ ಕೈ ನನ್ನದಕ್ಕಿಂತ ಚುರುಕು, ಹಿಂದಿನ ಅಂಗಳ ನನ್ನದು. ಟೂರ್ನಿಗೆ ಮೂರು ವಾರ ಇರುವಾಗ ಬೆಂಗಳೂರಿನಿಂದ ಕೆಲಸದ ಕಾಗದ ಬಂತು. ಮನೆಯಲ್ಲಿ ಅಪ್ಪನ ಸಾಲ. ರಾತ್ರಿ ಬಸ್ಸಿಗೆ ಹೊರಟುಬಿಟ್ಟೆ, ಅವನಿಗೆ ಒಂದು ಮಾತೂ ಹೇಳದೆ. ನನ್ನ ರ‍್ಯಾಕೆಟ್ಟಿನ ಗಟ್ ಹರಿದಿತ್ತು ಅಂತ ಅವನದನ್ನು ಇಸಿದುಕೊಂಡಿದ್ದೆ, ಅದೂ ಟ್ರಂಕಿನಲ್ಲೇ ಬಂತು. ಹಿಡಿಗೆ ಹಸಿರು ಸೈಕಲ್ ಟೇಪು ಸುತ್ತಿದ್ದಾನೆ. ಈಗಲೂ ಅಟ್ಟದ ಮೇಲಿದೆ. ಟೇಪು ಪುಡಿಪುಡಿಯಾಗಿ ಕೈಗೆ ಅಂಟುತ್ತದೆ.

ಆ ಬಸ್ಸಿನಲ್ಲಿ ಕೂತು ನಾನು ಅವನ ಆಟದ ಬಗ್ಗೆ ಒಂದು ನಿಮಿಷವೂ ಯೋಚಿಸಲಿಲ್ಲ ಪುಟ್ಟಿ. ಸಂಬಳ, ರೂಮು, ಸಾಲ, ನನ್ನದೇ ಗಂಟು ನನಗೆ. ಎಷ್ಟೋ ವರ್ಷದ ಮೇಲೆ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕ ಕೂತವರು ಹೇಳಿದರು: ಅವನು ಆ ವರ್ಷವೇ ಆಡುವುದು ಬಿಟ್ಟನಂತೆ, "ನನ್ನ ಬ್ಯಾಕ್‌ಹ್ಯಾಂಡ್ ಸರಿಯಿಲ್ಲ ಅಂತ ಬಿಟ್ಟುಹೋದ" ಅನ್ನುತ್ತಿದ್ದನಂತೆ. ಎಲೆಯ ಮೇಲೆ ಹೋಳಿಗೆ ಹಾಗೇ ಉಳಿಯಿತು. ಅವನ ಬ್ಯಾಕ್‌ಹ್ಯಾಂಡ್ ಚೆನ್ನಾಗಿತ್ತು.

ಅದಕ್ಕೇ ನಿನ್ನ ಆ ಸಾಲು ಚುಚ್ಚಿತು. ನಿನ್ನ ಹುಡುಗ ಯಾಕೆ ಹೋದನೋ ನನಗೆ ತಿಳಿಯದು. ಆದರೆ ನಿನ್ನನ್ನು ತಕ್ಕಡಿಗೆ ಹಾಕಿ ತೂಗಿ ಹೋಗಿರಲಾರ. ತೂಕ ಅಂದಾಗ ನೆನಪಾಯಿತು, ಎತ್ತುವವನಿಗೆ ಭಾರವಾದೆ ಅಂದುಕೊಂಡು ಊಟ ಮಾತ್ರ ಬಿಡಬೇಡ. ಬೇರೇನು ಹೇಳಲಿ? ಒಬ್ಬಳೇ ಮಾಡುವ ಜಂಪ್‌ಗಳ ಅಭ್ಯಾಸ ನಿಲ್ಲಿಸಬೇಡ. ಬೇರೆ ದೇಶದ ಹುಡುಗನ ಜೊತೆ ಟ್ರೈಔಟ್ ಆದರೆ ಅವನ ದೇಶದ ಸ್ಕೇಟಿಂಗ್ ಫೆಡರೇಶನ್ ಅವನನ್ನು ಬಿಟ್ಟುಕೊಡುತ್ತದೋ ಇಲ್ಲವೋ ಮೊದಲೇ ಕೇಳು. ಇದೆಲ್ಲ ನಿನ್ನ ಕೋಚ್‌ಗೆ ಗೊತ್ತಿರುವುದೇ, ಮುದುಕನ ಬಾಯಿಚಪಲ.

ಕೇಳು ಅಂದದ್ದಕ್ಕೆ ಕಾರಣವಿದೆ. ರಾಬಿನ್ ಹೋದ ಮೇಲೆ ಹೊಸ ಜೋಡಿಯಾಗಿ ಬ್ರೂನೊ ಮಸ್ಸೊ ಸಿಕ್ಕರೂ ಫ್ರಾನ್ಸ್ ಅವನನ್ನು ಬಿಡಲೊಲ್ಲದೆ ಅಲ್ಯೋನಾಗೆ ಒಂದಿಡೀ ಸೀಸನ್ ಸ್ಪರ್ಧೆಯೇ ಇರಲಿಲ್ಲ. ಆಮೇಲೆ ಅವನ ಜರ್ಮನ್ ಪೌರತ್ವ, ಭಾಷಾ ಪರೀಕ್ಷೆಯಲ್ಲಿ ಫೇಲು, ಕಾಗದ ಕೈಗೆ ಬಂದದ್ದು ಒಲಿಂಪಿಕ್ಸ್‌ಗೆ ಮೂರು ತಿಂಗಳೂ ಇಲ್ಲದಾಗ. ದಕ್ಷಿಣ ಕೊರಿಯಾದ ಪ್ಯಾಂಗ್‌ಚಾಂಗ್‌ನ ಆ ಒಲಿಂಪಿಕ್ಸ್‌ನಲ್ಲಿ ಮೊದಲ ದಿನ ಅವನು ಟ್ರಿಪಲ್ ಸಾಲ್ಕೋ ಜಂಪನ್ನು ಎರಡೇ ಸುತ್ತಿಗೆ ಇಳಿಸಿದ, ನಾಲ್ಕನೇ ಸ್ಥಾನ. ಮಾರನೆಯ ದಿನ, 2018ರ ಫೆಬ್ರವರಿ 15, ಇಲ್ಲಿ ಬೆಳಗಿನ ಹೊತ್ತು, ಟೀವಿ ಮುಂದೆ ನನ್ನ ಚಹಾ ಆರಿ ಕೆನೆಗಟ್ಟಿತ್ತು. ಅವರಿಗೆ 235.90 ಅಂಕ, ಚಿನ್ನ. ಚೀನಾದ ಜೋಡಿಗೆ 235.47. ಆಕೆಗೆ 34 ವಯಸ್ಸು, ಐದನೇ ಒಲಿಂಪಿಕ್ಸ್.

ನಾಲ್ಕನೆಯವರಾದ ರಷ್ಯಾದ ತಾರಾಸೋವಾ ಮತ್ತು ಮೊರೊಜೊವ್ (ಇವನು ಬೇರೆ ಮೊರೊಜೊವ್) ಅವರ ಕೋಚ್‌ಗಳಲ್ಲಿ ಒಬ್ಬ ಯಾರು ಗೊತ್ತಲ್ಲ? ರಾಬಿನ್. ಬಿಟ್ಟುಹೋದವನಿಗೆ ಆ ಹೊತ್ತಿನಲ್ಲಿ ಹೇಗಾಗಿತ್ತೋ ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ. ಉಳಿದವರೆಲ್ಲ ಅವಳ ಬಗ್ಗೆ ಯೋಚಿಸುತ್ತಾರೆ.

ನಿನ್ನ ಹುಡುಗ ಯಾವತ್ತಾದರೂ ಫೋನ್ ಮಾಡಿದರೆ ಎತ್ತು. ಬೈಯುವುದಿದ್ದರೆ ಎತ್ತಿದ ಮೇಲೆ ಬೈ. ಅವನು ಮಾಡದೆಯೂ ಇರಬಹುದು. ನನ್ನ ಹತ್ತಿರ ನನ್ನ ಜೋಡಿಯ ನಂಬರು ಹನ್ನೊಂದು ವರ್ಷದಿಂದ ಇದೆ.

ನಿನ್ನ
ಮಾಮಾ