ಮುಳುಗಿದ ಹಡಗಿನ ಮೆಣಸಿನಕಾಳು

ಮಾನ್ಯರೇ,

ಹಾವೇರಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಶಿರಸಿ ಕಡೆಯಿಂದ ಬಂದ ಕರಿಮೆಣಸನ್ನು ಮೊರಕ್ಕೆ ಹಾಕಿ ಹಸನು ಮಾಡುವಾಗ ಸಣ್ಣ ದೇಟು, ಜೊಳ್ಳು ಕಾಳು ಬೇರೆಯಾಗುತ್ತವೆ. ಇಷ್ಟು ದಿನ ಅದನ್ನು ಕಸವೆಂದೇ ಚೆಲ್ಲುತ್ತಿದ್ದೆ. 1495ರಲ್ಲಿ ಈಗಿನ ಸ್ವೀಡನ್ನಿನ ರೊನ್ನೆಬಿ ಬಳಿ ಬೆಂಕಿ ಬಿದ್ದು ಮುಳುಗಿದ ಡೆನ್ಮಾರ್ಕ್ ದೊರೆ ಹ್ಯಾನ್ಸ್‌ನ ಹಡಗು ‘ಗ್ರಿಬ್‌ಶುಂಡೆನ್’ ಬಗ್ಗೆ ಓದಿದ ಮೇಲೆ ಕೈ ತಡೆಯಿತು. ಅದರ ಕೆಸರಿನಲ್ಲಿ 2 ಸಾವಿರಕ್ಕೂ ಹೆಚ್ಚು ಮೆಣಸಿನಕಾಳು, ಜೊತೆಗೆ ಕೇಸರಿ, ಶುಂಠಿ, ಲವಂಗ ಸಿಕ್ಕಿವೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅದಕ್ಕೂ ಮೊದಲೇ ನಮ್ಮ ಪಡುವಣ ಕರಾವಳಿಯ ಮೆಣಸು ಅರಬರ, ವೆನಿಸ್ಸಿನವರ ಕೈ ದಾಟಿ ಯುರೋಪ್ ಸೇರುತ್ತಿತ್ತು!

ಕೆಸರಿನಡಿ ಗಾಳಿ ಆಡದ್ದರಿಂದ ಕಾಳು ಬೇಗ ಕೊಳೆಯುವುದಿಲ್ಲ. ಆ ಕೆಸರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಇಂದಿನ ಬೀಜಗಳ ಜೊತೆ ಹೋಲಿಸಿ ಗುರುತಿಸುತ್ತಾರೆ. ಹೋಲಿಸಲು ಸಂಗ್ರಹವೇ ಇಲ್ಲದಿದ್ದರೆ ಕೆಲಸ ಮುಂದೆ ಸಾಗದು.

ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಇದೆ, ಇತಿಹಾಸ, ಪುರಾತತ್ವ ಕಲಿಸುವ ಕರ್ನಾಟಕ ವಿಶ್ವವಿದ್ಯಾಲಯವೂ ಇದೆ. ಕಡಲೊಳಗಿನ ಪುರಾತತ್ವ ಶೋಧ ನಡೆಸುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇರುವುದು ಗೋವಾದಲ್ಲಿ. ಹುಬ್ಬಳ್ಳಿಯಿಂದ ಅದೇನು ದೂರವಲ್ಲ. ಮೂರೂ ಕಡೆಯವರು ಕೂಡಿ ನಮ್ಮ ಸಾಂಬಾರ ಪದಾರ್ಥ, ಕಾಳುಕಡಿಗಳ ಬೀಜ, ದೇಟು, ಸಿಪ್ಪೆಗಳ ಸಂಗ್ರಹವೊಂದನ್ನು ಕಟ್ಟಬೇಕು. ಜವಾರಿ ತಳಿಗಳು ಇನ್ನೂ ರೈತರ ಮನೆಯಲ್ಲಿ ಸಿಗುತ್ತಿರುವಾಗಲೇ ಇದು ಆಗಬೇಕು. ಮೆಣಸಿನ ದೇಟು, ಏಲಕ್ಕಿ ಸಿಪ್ಪೆ ಬೇಕೆಂದರೆ ನಾನೇ ಕಟ್ಟಿ ಕಳಿಸುತ್ತೇನೆ.

– ಒಬ್ಬ ಕಿರಾಣಿ ವ್ಯಾಪಾರಿ, ಹಾವೇರಿ