ಬೆಲೆ ಬಾರದ ಗಣಿ ಷೇರಿನ ವಿಷಯವಾಗಿ ಮಗಳಿಗೆ ಬರೆದ ಪತ್ರ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿಮ್ಮ ಸಣ್ಣ ಗಣಿ ಕಂಪನಿಯ ಷೇರಿಗೆ ಅದರ ಯೋಗ್ಯತೆಗೆ ತಕ್ಕ ಬೆಲೆ ಬರುತ್ತಿಲ್ಲವೆಂದೂ, ಹೂಡಿಕೆದಾರರ ಗಮನ ಸೆಳೆಯಲು ನಿರ್ದೇಶಕರು ಪ್ರಚಾರ ಸಂಸ್ಥೆಯೊಂದನ್ನು ಗೊತ್ತುಮಾಡುವ ಯೋಚನೆಯಲ್ಲಿದ್ದಾರೆಂದೂ ಬರೆದಿದ್ದೀಯೆ. ಹೂಡಿಕೆದಾರರೊಂದಿಗೆ ಮಾತನಾಡುವ ಹೊಣೆ ನಿನ್ನದಾದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಆ ಹಣ ಪ್ರಚಾರಕ್ಕೆ ಹೋಗಬಾರದು, ಅದಿರಿಗಾಗಿ ನೆಲ ಕೊರೆಯುವುದಕ್ಕೆ ಮತ್ತು ನಿಮ್ಮ ಮಾಹಿತಿಯನ್ನು ಹೊರಗಿನವರು ಪರಿಶೀಲಿಸುವಂತೆ ತೆರೆದಿಡುವುದಕ್ಕೆ ಹೋಗಬೇಕು.

ಅದಕ್ಕೂ ಮೊದಲು, ಷೇರು ನಿಜವಾಗಿ ಅಗ್ಗವೇ ಎಂಬುದನ್ನು ನೀವೇ ನಿಷ್ಠುರವಾಗಿ ಲೆಕ್ಕ ಹಾಕಬೇಕು. ನೆಲದಡಿಯ ಚಿನ್ನವನ್ನು ಇಂದಿನ ಚಿನ್ನದ ದರದಿಂದ ಗುಣಿಸಿ ಕಂಪನಿಯ ಮಾರುಕಟ್ಟೆ ಮೌಲ್ಯದ ಪಕ್ಕದಲ್ಲಿಟ್ಟರೆ ಯಾವ ಗಣಿ ಷೇರಾದರೂ ಅಗ್ಗವಾಗಿಯೇ ಕಾಣುತ್ತದೆ. ಆದರೆ ‘ಇನ್‌ಫರ್ಡ್’ ದರ್ಜೆಯ ಅದಿರು ಬಹುಮಟ್ಟಿಗೆ ಊಹೆಯಷ್ಟೇ. ಅದು ‘ಇಂಡಿಕೇಟೆಡ್’, ‘ಮೆಷರ್ಡ್’ ಎಂಬ ಹೆಚ್ಚು ಖಚಿತ ದರ್ಜೆಗಳನ್ನು ಮುಟ್ಟಿ, ತೆಗೆಯುವ ಖರ್ಚು ಕಳೆದೂ ಲಾಭ ಉಳಿಯುತ್ತದೆಂದು ಅಧ್ಯಯನದಿಂದ ತೋರಿದ ಮೇಲೆಯೇ ‘ರಿಸರ್ವ್’ ಎನಿಸಿಕೊಳ್ಳುತ್ತದೆ. ಮುಂದೆ ಗೊತ್ತುಪಡಿಸಿದ ಬೆಲೆಗೆ ಷೇರು ಕೊಳ್ಳುವ ಹಕ್ಕು ಕೊಡುವ ವಾರಂಟ್, ಆಪ್ಷನ್‌ಗಳನ್ನೂ ಸೇರಿಸಿ ಷೇರುಗಳ ಪೂರ್ಣ ಸಂಖ್ಯೆಯನ್ನು ಎಣಿಸು. ಕೈಯಲ್ಲಿರುವ ನಗದು ಎಷ್ಟು ತಿಂಗಳು ಬರುತ್ತದೆ ಎಂಬುದನ್ನೂ ನೋಡು. ಎಷ್ಟೋ ಸಲ ಬೆಲೆ ಕೆಳಗಿರುವುದಕ್ಕೆ ಅಲಕ್ಷ್ಯ ಕಾರಣವಲ್ಲ, ಕಂಪನಿ ಮತ್ತೆ ಹೊಸ ಷೇರು ಬಿಡುಗಡೆ ಮಾಡಿ ತಮ್ಮ ಪಾಲನ್ನು ತೆಳುವಾಗಿಸುತ್ತದೆ ಎಂದು ಹೂಡಿಕೆದಾರರು ಮೊದಲೇ ಲೆಕ್ಕ ಹಾಕಿರುವುದೇ ಕಾರಣ.

ಈ ಕ್ಷೇತ್ರದ ಹೂಡಿಕೆದಾರರು ಸುಲಭವಾಗಿ ನಂಬದಿರಲು ಕಾರಣವಿದೆ. ಕೆನಡಾದ ಬ್ರೀ-ಎಕ್ಸ್ ಕಂಪನಿ ಇಂಡೋನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನ ಸಿಕ್ಕಿತೆಂದು ಹೇಳಿಕೊಂಡು, ಸುಮಾರು 600 ಕೋಟಿ ಕೆನಡಾ ಡಾಲರ್ ಮೌಲ್ಯಕ್ಕೆ ಏರಿತ್ತು; 1997ರಲ್ಲಿ ಸ್ವತಂತ್ರ ಪರೀಕ್ಷೆ ನಡೆದಾಗ, ಮಾದರಿಗಳಿಗೆ ಹೊರಗಿನ ಚಿನ್ನದ ಪುಡಿಯನ್ನು ಬೆರೆಸಲಾಗಿತ್ತೆಂಬುದು ಬಯಲಾಯಿತು. ಅಂಕಿಅಂಶಗಳಿಗೆ ಅರ್ಹ ತಜ್ಞರು ಹೊಣೆಯಾಗಬೇಕೆಂಬ ಎನ್‌ಐ 43-101 ನಿಯಮ ಕೆನಡಾದಲ್ಲಿ 2001ರಲ್ಲಿ ಜಾರಿಗೆ ಬಂದುದರ ಹಿಂದೆ ಈ ಕಹಿಯಿದೆ. ಇದಕ್ಕೆ ವ್ಯತಿರಿಕ್ತವಾಗಿ, 2000ದಲ್ಲಿ ಗೋಲ್ಡ್‌ಕಾರ್ಪ್ ಕಂಪನಿಯು ತನ್ನ ರೆಡ್ ಲೇಕ್ ಗಣಿಯ ಭೂವೈಜ್ಞಾನಿಕ ಮಾಹಿತಿಯನ್ನೇ ಜಗತ್ತಿನ ಮುಂದಿಟ್ಟು, ಚಿನ್ನ ಎಲ್ಲಿ ಹುಡುಕಬೇಕೆಂದು ತೋರಿಸಿದವರಿಗೆ ಬಹುಮಾನ ಘೋಷಿಸಿತು. ಗೋಪ್ಯತೆಯೇ ವಾಡಿಕೆಯಾಗಿದ್ದ ಉದ್ಯಮದಲ್ಲಿ ಆ ನಡೆಯೇ ಎಲ್ಲರ ಗಮನ ಸೆಳೆಯಿತು, ಮತ್ತು ಯಾರೂ ಅದನ್ನು ಬರಿಯ ಜಾಹೀರಾತೆಂದು ತಳ್ಳಿಹಾಕುವಂತಿರಲಿಲ್ಲ.

ನೀನೂ ಆ ದಾರಿ ಹಿಡಿ. ಕೊರೆದ ಪ್ರತಿ ಕೊಳವೆಯ ಫಲಿತಾಂಶವನ್ನೂ, ಅದಿರು ಸಿಗದೆ ಬರಿದಾದುದನ್ನೂ ಸೇರಿಸಿ, ನಕ್ಷೆ ಮತ್ತು ನೆಲದ ಅಡ್ಡಛೇದದ ಚಿತ್ರದೊಂದಿಗೆ ಪ್ರಕಟಿಸು. ಕೊರೆದ ಉದ್ದ ಬೇರೆ, ಅದಿರು ಪದರದ ನಿಜವಾದ ದಪ್ಪ ಬೇರೆ, ಎರಡನ್ನೂ ಕೊಡು. ಒಂದು ಮೀಟರಿನ ಸಮೃದ್ಧ ಅದಿರನ್ನು ಮೂವತ್ತು ಮೀಟರಿಗೆ ಹಂಚಿ ದೊಡ್ಡದಾಗಿ ತೋರಿಸುವ ಚಾಳಿಯನ್ನು ಬಲ್ಲವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ದೊಡ್ಡ ಹೂಡಿಕೆ ನಿಧಿಗಳ ಹಿಂದೆ ಅಲೆಯಬೇಡ. ದಿನಕ್ಕೆ ಕೆಲವೇ ಷೇರುಗಳು ಕೈಬದಲಾಗುವಲ್ಲಿ ಅವು ಮನಸ್ಸಿದ್ದರೂ ಕೊಳ್ಳಲಾರವು. ಗಣಿ ಷೇರುಗಳನ್ನೇ ನೋಡುವ ಸಣ್ಣ ನಿಧಿಗಳನ್ನೂ, ಅವುಗಳ ಭೂವಿಜ್ಞಾನಿಗಳನ್ನೂ ಗಣಿಗೆ ಕರೆದು, ಕೊರೆದು ತೆಗೆದ ಕಲ್ಲಿನ ಕೋರ್‌ಗಳನ್ನು ಅವರೆದುರಿಗೇ ಇಡು. ನಿರ್ದೇಶಕರು ಸ್ವಂತ ಹಣದಿಂದ ಷೇರು ಕೊಂಡಿದ್ದಾರೆಯೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಉತ್ತರವನ್ನು ಪ್ರಚಾರ ಸಂಸ್ಥೆ ನಿಮಗೆ ಬರೆದುಕೊಡಲಾರದು.

ಹಣ ಕೊಟ್ಟು ಹೊಗಳಿಸಿದಾಗ ಬರುವ ಕೊಳ್ಳುಗರು ಬೆಲೆ ಏರಿದೊಡನೆ ಮಾರಿ ಹೊರಡುತ್ತಾರೆ, ನಂಬಿ ಕೊನೆಗೆ ಕೊಂಡ ಸಣ್ಣ ಹೂಡಿಕೆದಾರ ನಷ್ಟ ಹೊರುತ್ತಾನೆ. ಅಮೆರಿಕದಲ್ಲಂತೂ ಹಾಗೆ ಹೊಗಳುವವನು ತಾನು ಪಡೆದ ಮೊತ್ತವನ್ನು ಬಹಿರಂಗಪಡಿಸಲೇಬೇಕೆಂದು ಕಾನೂನಿದೆ. ಇದನ್ನು ನಿರ್ದೇಶಕರ ಸಭೆಯಲ್ಲಿ ಲಿಖಿತವಾಗಿಯೇ ಮಂಡಿಸು. ಇನ್ನೊಂದು ಮಾತು: ಪ್ರಕಟವಾಗದ ಕೊರೆತದ ಫಲಿತಾಂಶ ಕಂಪನಿಯ ಒಳಗುಟ್ಟು; ಅದನ್ನು ನನಗೆ ಬರೆಯುವ ಪತ್ರದಲ್ಲಿಯೂ ಎಂದೂ ಸೂಚಿಸಬೇಡ.

ಇತಿ,
ನಿನ್ನ ದೊಡ್ಡಪ್ಪ