ಪುಟ್ಟು, ನಿನ್ನ ಪತ್ರದ ಆ ಕೊನೇ ಸಾಲಿಗೆ

ಪುಟ್ಟುಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ಬಂದು ನಾಲ್ಕು ದಿನ ಆಯ್ತು. ಹೊಸ ಮನೆ, ಹೊಸ ಆಫೀಸು, ಎಲ್ಲ ಓದಿ ಖುಷಿಯಿಂದ ಮಡಚಿಡುವಷ್ಟರಲ್ಲಿ ಕೊನೇ ಸಾಲು ಕಣ್ಣಿಗೆ ಬಿತ್ತು. 'ಬೆಳಿಗ್ಗೆ ಎದ್ದರೆ ಇಪ್ಪತ್ತು ಸೀನು, ರಾತ್ರಿ ಮೂಗು ಕಟ್ಟಿ ಬಾಯಲ್ಲೇ ಉಸಿರು. ನನಗೂ ಅಜ್ಜನ ಹಾಗೇ ಆಗುತ್ತಾ ಅತ್ತೆ?' ಅಷ್ಟು ಬರೆದು ಸಹಿ ಹಾಕಿಬಿಟ್ಟಿದ್ದೀಯ. ಉಬ್ಬಸದಲ್ಲಿ ಕಳೆದ ಅಜ್ಜನ ಕಡೇ ವರ್ಷಗಳನ್ನು ನೀನೂ ನೋಡಿದ್ದೀಯ, ಅದನ್ನು ಮತ್ತೆ ಬರೆಯೋದು ಬೇಡ.

ಆಗಲ್ಲ ಕಣೋ ಅಂತ ಒಂದು ಮಾತು ಬರೆದು ಕಳಿಸೋಣ ಅಂದುಕೊಂಡೆ. ಕೈ ಏಳಲಿಲ್ಲ. ನನ್ನ ಮೂಗು ನೋಡುವ ಡಾಕ್ಟರನ್ನೇ ಹೋಗಿ ಕೇಳಿದೆ. ಮೂಗಿನಿಂದ ಎದೆಯವರೆಗೆ ಒಂದೇ ದಾರಿ ಅಲ್ವಾ ಅಮ್ಮ ಅಂದರು. ಉಬ್ಬಸ ಇರುವವರಲ್ಲಿ ಬಹಳ ಜನಕ್ಕೆ ಮೂಗಿನ ಅಲರ್ಜಿಯೂ ಇರುತ್ತದಂತೆ. ಆದರೆ ಮೂಗಿನ ಅಲರ್ಜಿ ಇರುವವರಿಗೆಲ್ಲ ಉಬ್ಬಸ ಬರಲ್ಲವಂತೆ. ಮನೆಯಲ್ಲಿ ಯಾರಿಗಾದರೂ ಇದ್ದರೆ ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು, ಮೂಗನ್ನು ಸುಮ್ನೆ ಬಿಡಬಾರದು ಅಂದರು. ಈ ಉತ್ತರದಿಂದ ನನಗೇ ಅರ್ಧ ಸಮಾಧಾನ, ನಿನಗೆಷ್ಟು ಆಗುತ್ತೋ.

ನಿಜ ಹೇಳಲಾ? ನನ್ನನ್ನು ಕಾಡಿದ್ದು ಸೀನಲ್ಲ. ನಿನ್ನ ಡಾಕ್ಟರ್ ಕೊಟ್ಟ ಮೂಗಿನ ಸ್ಪ್ರೇಯನ್ನು ಸ್ಟೀರಾಯ್ಡ್ ಅಂತ ಗೊತ್ತಾಗಿ ನಾಲ್ಕೇ ದಿನಕ್ಕೆ ಬಿಟ್ಟೆ ಅಂತ ನಡುವೆ ಎಲ್ಲೋ ಬರೆದಿದ್ದೀಯಲ್ಲ, ಅದು.

1984ರಲ್ಲಿ ಅಪ್ಪನಿಗೆ, ಅಂದರೆ ನಿನ್ನ ಅಜ್ಜನಿಗೆ, ಡಾಕ್ಟರು ಮೊದಲ ಸಲ ನೀಲಿ ಪಂಪು, ಅದೇ ಇನ್ಹೇಲರ್, ಬರೆದುಕೊಟ್ಟರು. ಬಾಯಿಗಿಟ್ಟು ಒತ್ತಿದರೆ ಐದು ನಿಮಿಷದಲ್ಲಿ ಎದೆ ಸಡಿಲ ಆಗೋದು. ನಾವೆಲ್ಲ ಸೇರಿ ಅದನ್ನು ದೇವರ ಫೋಟೋ ಹಿಂದೆ ಬಚ್ಚಿಟ್ಟೆವು. ಅಭ್ಯಾಸ ಆಗುತ್ತೆ, ತೀರಾ ಕಷ್ಟ ಆದಾಗ ಮಾತ್ರ ಅಂತ. ತೆಗೆದುಕೊಡೋ ಕೆಲಸ ನಂದು. ಅದೇ ವರ್ಷ ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬಂದಾಗ, ಉಬ್ಬಸದ ಮನೆತನ ಅಂದಾರು ಅಂತ ಅಪ್ಪನನ್ನು ಹಿತ್ತಲ ಕೋಣೆಯಲ್ಲಿ ಕೂರಿಸಿದೆವು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ, ಗೋಡೆಯಾಚೆಯಿಂದ ಆ ಕುಯ್‌ ಕುಯ್‌ ಸದ್ದು ಕೇಳ್ತಿತ್ತು, ಪಂಪು ನನ್ನ ತಲೆ ಮೇಲಿನ ಫೋಟೋ ಹಿಂದೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆದರೂ ನಾನು ತೆಗೆಯಲಿಲ್ಲ. ಆ ಸಂಬಂಧವೂ ಕೂಡಿಬರಲಿಲ್ಲ ಬಿಡು. ಇದೇ ನಾವು ಮೃಗಶಿರ ಹುಟ್ಟುವ ದಿನ ತಪ್ಪದೆ ಮೂರು ವರ್ಷ ಹೈದರಾಬಾದಿಗೆ ಹೋಗಿ, ಉಬ್ಬಸಕ್ಕೆ ಅಂತ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮೀನಿನ ಮದ್ದಿನ ಸಾಲಿನಲ್ಲಿ ರಾತ್ರಿಯೆಲ್ಲ ನಿಂತಿದ್ದೇವೆ. ನಮಗೆ ಮೀನಿನ ಬದಲು ಬೆಲ್ಲದಲ್ಲಿ ಕೊಟ್ಟರು. ಅದಕ್ಕೆ ನಾಚಿಕೆ ಆಗಲಿಲ್ಲ ನೋಡು, ಪಂಪಿಗೆ ಆಯ್ತು.

ಹಾಗಾಗಿ ಸ್ಪ್ರೇ ಬಿಟ್ಟೆ ಅಂದರೆ ನನಗೆ ಆ ಫೋಟೋನೇ ಕಣ್ಣಮುಂದೆ ಬರುತ್ತೆ. ಮೂಗಿಗೆ ಬೀಳೋದು ತುಂಬಾ ಕಡಿಮೆ ಔಷಧಿ, ಮೈಗೆ ಸೇರೋದು ಇನ್ನೂ ಕಡಿಮೆಯಂತೆ. ನಾಲ್ಕು ದಿನಕ್ಕೆ ಏನು ಗೊತ್ತಾಗುತ್ತೆ, ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಬೇಕು. ಹಾಕೋ ರೀತಿನೂ ಇದೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸು, ಬಲ ಹೊಳ್ಳೆಗೆ ಎಡಗೈಯಲ್ಲಿ ಹಾಕಿಕೋ, ತುದಿ ಕಿವಿಯ ಕಡೆಗಿರಲಿ. ನಡುಗೋಡೆಗೆ ಹೊಡೆದರೆ ಉರಿ, ಕೆಲವೊಮ್ಮೆ ರಕ್ತ. ಜೋರಾಗಿ ಎಳೆದುಕೊಂಡರೆ ಎಲ್ಲ ಗಂಟಲಿಗೆ. ನಿನಗೆ ಗೊತ್ತಿದ್ದರೆ ಕ್ಷಮಿಸು, ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಮೆಡಿಕಲ್ ಶಾಪಿನಲ್ಲಿ ಸಿಗುವ, ತಕ್ಷಣ ಮೂಗು ಬಿಡಿಸೋ ಡ್ರಾಪ್ಸ್ ಬೇರೆ. ಅದರ ಹತ್ತಿರ ಹೋಗಬೇಡ, ಹೋದರೂ ಮೂರು ದಿನ, ಹೆಚ್ಚೆಂದರೆ ಐದು. ನಾನು ಆರು ವರ್ಷ ಹಾಕಿದೆ. ಕೊನೆಗೆ ಮೂಗು ಕಟ್ಟುತ್ತಿದ್ದದ್ದೇ ಅದರಿಂದ. ದಿಂಬಿನ ಕೆಳಗೆ ಶೀಶೆ ಇಲ್ಲದಿದ್ದರೆ ನಿದ್ದೆ ಇಲ್ಲ, ನಿಮ್ಮ ಮಾಮ ರಾತ್ರಿ ಹತ್ತು ಗಂಟೆಗೆ ಬೈದುಕೊಂಡೇ ಅಂಗಡಿ ಹುಡುಕಿಕೊಂಡು ಹೋಗೋರು.

ದಿಂಬು ಅಂದಾಗ ನೆನಪಾಯ್ತು. ಅಜ್ಜಿಯ ಬೂರುಗದ ಹತ್ತಿ ದಿಂಬು ನೀನು ಬೆಂಗಳೂರಿಗೆ ಒಯ್ದೆಯಲ್ಲ, ಅದನ್ನು ಎತ್ತಿಡು. ಹಳೇ ದಿಂಬಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳು ತುಂಬಿರುತ್ತವೆ. ಅಜ್ಜಿ ಏನೂ ಅಂದುಕೊಳ್ಳಲ್ಲ. ಹೊದಿಕೆ, ಕವರು ವಾರಕ್ಕೊಮ್ಮೆ ಬಿಸಿ ನೀರಲ್ಲಿ ಒಗೆಸು, 60 ಡಿಗ್ರಿ ಇದ್ದರೆ ಒಳ್ಳೆಯದು. ಮನೆ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟಿದ್ದರೆ ಆ ಕಡೆ ಕಿಟಕಿ ಮುಚ್ಚಿಡು. ಉಪ್ಪುನೀರಲ್ಲಿ ಮೂಗು ತೊಳೆಯೋದಾದರೆ ನಲ್ಲಿ ನೀರು ಬೇಡ, ಕುದಿಸಿ ಆರಿಸಿದ್ದೇ ಆಗಲಿ. ಇದನ್ನೆಲ್ಲ ಮಾಡಿದರೆ ಪೂರ್ತಿ ಹೋಗುತ್ತಾ ಅಂದರೆ, ನನ್ನದು ಪೂರ್ತಿ ಹೋಗಿಲ್ಲ. ನಿದ್ದೆ ಬರುತ್ತೆ, ಅಷ್ಟು ಸಾಕಾಗಿದೆ.

ಅಜ್ಜನ ಹಾಗೆ ಆಗುತ್ತಾ ಅಂತ ಕೇಳಿದ್ದೀಯ, ನಾನು ಏನೇನೋ ಬರೆದೆ. ರಾತ್ರಿ ಕೆಮ್ಮು, ಮೆಟ್ಟಿಲು ಹತ್ತಿದರೆ ಎದೆ ಬಿಗಿತ, ಉಸಿರು ಬಿಡುವಾಗ ಶಿಳ್ಳೆ, ಇವುಗಳಲ್ಲಿ ಒಂದಿದ್ದರೂ ಡಾಕ್ಟರಿಗೆ ಎದೆ ತೋರಿಸು, ನನ್ನ ಪತ್ರಕ್ಕೆ ಕಾಯಬೇಡ.

ಭಾನುವಾರ ಫೋನ್ ಮಾಡು. ಸ್ಪೀಕರ್ ಹಾಕಬೇಡ. ಒಂದು ನಿಮಿಷ ಏನೂ ಮಾತಾಡದೆ ಸುಮ್ನೆ ಉಸಿರಾಡು. ಆ ಸದ್ದು ನನಗೆ ಗೊತ್ತು.

ನಿನ್ನ ಅತ್ತೆ